ಪಲ್ಲಾಡಿಯಂ ಒಳಗೆ ಹೋಗಲೇ ಇಲ್ಲ: ಧಾರವಾಡದ ಮಳೆಗಾಲದಲ್ಲಿ ಕೆಟ್ಟ ಒಂದು ಬ್ಯಾಚಿನ ಪ್ರಕರಣ ಅಧ್ಯಯನ

ಆಗಸ್ಟ್ ತಿಂಗಳು, ಧಾರವಾಡ. ಜಿಟಿಜಿಟಿ ಮಳೆ ಹಿಡಿದು ನಾಲ್ಕನೆಯ ದಿನ. ಪುಡಿಗಳಿಗೆ ತೇವ ತಾಗದಂತೆ ಇಡುವ ಡೆಸಿಕೇಟರಿನಲ್ಲಿದ್ದ ನೀಲಿ ಸಿಲಿಕಾ ಜೆಲ್ ತೇವ ಹೀರಿ ಪೂರ್ತಿ ಗುಲಾಬಿ ಬಣ್ಣಕ್ಕೆ ತಿರುಗಿದೆ. ಅದನ್ನು ಓವನ್ನಿಗೆ ಹಾಕಿ ಮತ್ತೆ ನೀಲಿ ಮಾಡುವ ಪಾಳಿ ಯಾರದು ಎಂಬುದೇ ತೀರ್ಮಾನವಾಗಿಲ್ಲ. ಇಂಥ ವಾರದಲ್ಲಿ ತಯಾರಾದ ಒಂದು ವೇಗವರ್ಧಕದ ಬ್ಯಾಚು ಮೊದಲ ಪರೀಕ್ಷೆಯಲ್ಲಿ ಎಲ್ಲರನ್ನೂ ಖುಷಿಪಡಿಸಿತು, ನಾಲ್ಕನೆಯ ಬಳಕೆಯ ಹೊತ್ತಿಗೆ ಸತ್ತೇಹೋಯಿತು. ಬೇರೆ ಬೇರೆ ಪ್ರಯೋಗಾಲಯಗಳಲ್ಲಿ ಮರುಕಳಿಸುವ ತಪ್ಪುಗಳನ್ನು ಇಲ್ಲಿ ಒಂದೇ ಬ್ಯಾಚಿಗೆ ಕಟ್ಟಿ ಹೇಳಿದೆ. ಪ್ರಮಾಣಗಳನ್ನು ಲೆಕ್ಕಕ್ಕೆ ಅನುಕೂಲವಾಗುವಂತೆ ದುಂಡಗೆ ಮಾಡಿದೆ.

ಉದ್ದೇಶ ಸರಳವಾಗಿತ್ತು. ಪಲ್ಲಾಡಿಯಂನ ಒಂದು ನ್ಯಾನೋಮೀಟರ್ ಆಸುಪಾಸಿನ ಗುಚ್ಛಗಳನ್ನು ರಂಧ್ರಗಳುಳ್ಳ ಪುಡಿಯೊಂದರ ಗೂಡುಗಳಲ್ಲಿ ಕೂರಿಸಬೇಕು. ಒಂದು ನ್ಯಾನೋಮೀಟರ್ ಅಡ್ಡಳತೆಯ ಪಲ್ಲಾಡಿಯಂ ಗೋಳದಲ್ಲಿ ಸುಮಾರು 36 ಪರಮಾಣುಗಳಿರುತ್ತವೆ, ಹೆಚ್ಚೂಕಡಿಮೆ ಎಲ್ಲವೂ ಮೇಲ್ಮೈಯಲ್ಲೇ. ಐದು ನ್ಯಾನೋಮೀಟರಿನದರಲ್ಲಿ 4,400ರಷ್ಟಿದ್ದರೂ ಕೆಲಸಕ್ಕೆ ಸಿಗುವುದು ಐದರಲ್ಲೊಂದು ಪಾಲು. ಉಳಿದವು ಒಳಗೆ ಸುಮ್ಮನೆ ಕೂತ ದುಬಾರಿ ಲೋಹ. ಆದರೆ ಸಣ್ಣ ಗುಚ್ಛಗಳು ಹಾಗೇ ಸಣ್ಣದಾಗಿ ಉಳಿಯುವುದಿಲ್ಲ. ಬಿಸಿ ತಾಗಿದರೆ, ದ್ರಾವಣದಲ್ಲಿ ಕಲಕಿದರೆ ಒಂದನ್ನೊಂದು ಸೇರಿ ದಪ್ಪವಾಗುತ್ತವೆ. ಗೂಡಿನ ಗೋಡೆ ಅದನ್ನು ತಡೆಯಲಿ ಎಂಬುದು ಈ ವಿದ್ಯೆಯ ತಿರುಳು.

ಆರಿಸಿದ ಪುಡಿ ಅಮೈನೋ ಯುಐಒ-66. ಯುಐಒ ಎಂದರೆ ಓಸ್ಲೋ ವಿಶ್ವವಿದ್ಯಾಲಯ. ಮೂಲ ವಸ್ತು ಅಲ್ಲಿಂದ 2008ರಲ್ಲಿ ಹೊರಬಂತು. ಆರು ಜಿರ್ಕೋನಿಯಂ ಪರಮಾಣುಗಳ ಗಂಟು, ಗಂಟಿನಿಂದ ಗಂಟಿಗೆ ಟೆರೆಫ್ತಾಲಿಕ್ ಆಮ್ಲದ ಕೊಂಡಿ; ಎರಡೂ ಸೇರಿ ಆಗುವುದೇ ಇದರ ಚೌಕಟ್ಟು. ಇದರಲ್ಲಿ ಎರಡು ಬಗೆಯ ಗೂಡು: ದೊಡ್ಡದು ಸುಮಾರು 11 ಆಂಗ್‌ಸ್ಟ್ರಾಮ್, ಚಿಕ್ಕದು 8 (ಹತ್ತು ಆಂಗ್‌ಸ್ಟ್ರಾಮ್ ಸೇರಿದರೆ ಒಂದು ನ್ಯಾನೋಮೀಟರ್). ಗೂಡಿನಿಂದ ಗೂಡಿಗೆ ಹೋಗುವ ಕಿಟಕಿ ಮಾತ್ರ 6 ಆಂಗ್‌ಸ್ಟ್ರಾಮ್. ಗೂಡು ದೊಡ್ಡದು, ಕಿಟಕಿ ಚಿಕ್ಕದು. ಒಳಗೆ ಕಟ್ಟಿದ ಗುಚ್ಛ ಹೊರಗೆ ಬರಲಾರದು ಎಂಬ ಭರವಸೆ ಬರುವುದು ಇಲ್ಲಿಂದಲೇ. ಕೊಂಡಿಯ ಮೇಲಿನ ಅಮೈನ್ ಗುಂಪು ಪಲ್ಲಾಡಿಯಂ ಅಯಾನನ್ನು ಹಿಡಿದು ನಿಲ್ಲಿಸುತ್ತದೆ.

ಪುಡಿಯ ತಯಾರಿಯಲ್ಲಿ ತೊಂದರೆ ಆಗಿರಲಿಲ್ಲ. 1 ಗ್ರಾಂ ಜಿರ್ಕೋನಿಯಂ ಟೆಟ್ರಾಕ್ಲೋರೈಡನ್ನು 40 ಮಿ.ಲೀ. ಡಿಎಂಎಫ್ ಎಂಬ ದ್ರಾವಕ ಮತ್ತು 8 ಮಿ.ಲೀ. ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 20 ನಿಮಿಷ ಸೋನಿಕೇಟ್ ಮಾಡಿ (ಶ್ರವಣಾತೀತ ಶಬ್ದದಿಂದ ಅಲುಗಿಸಿ), 80 ಮಿ.ಲೀ. ಡಿಎಂಎಫ್‌ನಲ್ಲಿ ಕರಗಿಸಿದ 1.07 ಗ್ರಾಂ 2-ಅಮೈನೋಟೆರೆಫ್ತಾಲಿಕ್ ಆಮ್ಲ ಸೇರಿಸಿ, 80 ಡಿಗ್ರಿಯಲ್ಲಿ ರಾತ್ರಿಯಿಡೀ ಇಡುವುದು. ಸೋಸಿ, ಡಿಎಂಎಫ್‌ನಲ್ಲಿ ಎರಡು ಸಲ, ಎಥನಾಲ್‌ನಲ್ಲಿ ಮೂರು ಸಲ ತೊಳೆದು, 120 ಡಿಗ್ರಿಯಲ್ಲಿ ನಿರ್ವಾತದಡಿ 12 ಗಂಟೆ ಒಣಗಿಸುವುದು. ಜಿರ್ಕೋನಿಯಂ ಕ್ಲೋರೈಡಿನ ಬಾಟಲಿ ತೆಗೆದರೆ ಮಳೆಗಾಲದಲ್ಲಿ ಬಿಳಿ ಹೊಗೆ ಏಳುತ್ತದೆ. ಹೊರಗಿನ ತೇವವನ್ನೆಳೆದು ಆಮ್ಲ ಬಿಡುತ್ತಿದೆ ಎಂದರ್ಥ. ತೂಗುವುದು ಚುರುಕಾಗಿ ಆಗಬೇಕು, ಫ್ಯೂಮ್ ಹುಡ್‌ನಲ್ಲೇ ಆಗಬೇಕು. ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಅಲ್ಲಲ್ಲಿ ಕೊಂಡಿ ತಪ್ಪುತ್ತದೆ. ಕೊಂಡಿ ತಪ್ಪಿದ ಕಡೆ ಕಿಟಕಿ ಅಗಲವಾಗುತ್ತದೆ, ಲೋಹದ ಲವಣ ಒಳಹೋಗಲು ಅದೇ ದಾರಿ. ಮುಂದೆ ತಲೆನೋವಾಗುವುದೂ ಅದೇ ದಾರಿ.

ಲೋಹ ತುಂಬಲು ಎರಡು ದ್ರಾವಕಗಳ ವಿಧಾನ. 2012ರಲ್ಲಿ ಜಪಾನಿನಲ್ಲಿ ಚಿಯಾಂಗ್ ಶೂ ಅವರ ಗುಂಪು ಎಂಐಎಲ್-101 ಎಂಬ ಕ್ರೋಮಿಯಂ ವಸ್ತುವಿನೊಳಗೆ ಪ್ಲಾಟಿನಂ ಕೂರಿಸಲು ಬಳಸಿದ ಮೇಲೆ ಇದು ಮನೆಮಾತಾಯಿತು. ಒಣಪುಡಿಯನ್ನು ಬೇಕಾದಷ್ಟು ಹೆಕ್ಸೇನ್‌ನಲ್ಲಿ ಕದಡುವುದು. ಲೋಹದ ಲವಣ ಕರಗಿದ ನೀರನ್ನು ಪುಡಿಯ ಒಟ್ಟು ರಂಧ್ರಗಾತ್ರಕ್ಕಿಂತ ತುಸು ಕಡಿಮೆ ಪ್ರಮಾಣದಲ್ಲಿ ಹನಿಹನಿಯಾಗಿ ಬಿಡುವುದು. ಹೆಕ್ಸೇನ್‌ಗೆ ನೀರು ಬೇಡ, ರಂಧ್ರಕ್ಕೆ ನೀರು ಬೇಕು. ಹಾಗಾಗಿ ಹನಿ ನೇರ ಒಳಗೆ ಸೇರುತ್ತದೆ.

ಇಲ್ಲಿನ ಲೆಕ್ಕ: ಪುಡಿ 500 ಮಿ.ಗ್ರಾಂ. ನೈಟ್ರೋಜನ್ ಹೀರಿಕೆಯಿಂದ ಬಂದ ರಂಧ್ರಗಾತ್ರ ಗ್ರಾಂಗೆ 0.40 ಮಿ.ಲೀ., ಅಂದರೆ ಒಟ್ಟು 0.20 ಮಿ.ಲೀ. ಅದರ ಶೇ. 80 ಎಂದರೆ 160 ಮೈಕ್ರೋಲೀಟರ್. ಶೇ. 1 ಲೋಹಕ್ಕೆ 5 ಮಿ.ಗ್ರಾಂ ಪಲ್ಲಾಡಿಯಂ ಬೇಕು, ಸೋಡಿಯಂ ಟೆಟ್ರಾಕ್ಲೋರೋಪಲ್ಲಾಡೇಟ್ ಆದರೆ 13.8 ಮಿ.ಗ್ರಾಂ. ಈ ಲವಣ ತಾನೂ ತೇವ ಎಳೆಯುವಂಥದ್ದು, ಆದ್ದರಿಂದ ಪ್ರತಿ ಸಲ ತೂಗುವ ಬದಲು ಮಿ.ಲೀ.ಗೆ 86.4 ಮಿ.ಗ್ರಾಂ ಇರುವ ದ್ರಾವಣ ಮಾಡಿಟ್ಟು ಅದರಿಂದ 160 ಮೈಕ್ರೋಲೀಟರ್ ತೆಗೆಯುವುದು ಮೇಲು. ಪಲ್ಲಾಡಿಯಂ ಅಸಿಟೇಟ್ ಯಾಕಲ್ಲ ಎಂದು ಕೇಳುವವರಿದ್ದಾರೆ. ಅದು ಮೂರು ಪಲ್ಲಾಡಿಯಂಗಳು ಸುತ್ತ ಆರು ಅಸಿಟೇಟ್ ಹೊದ್ದುಕೊಂಡ ದಪ್ಪ ಅಣು. ಬಿಡಿಬಿಡಿಯಾಗದ ಹೊರತು 6 ಆಂಗ್‌ಸ್ಟ್ರಾಮ್ ಕಿಟಕಿಯಲ್ಲಿ ತೂರುವುದಿಲ್ಲ. ಕ್ಲೋರೋಪಲ್ಲಾಡೇಟ್ ಚಪ್ಪಟೆ, ಅಡ್ಡವಾಗಿ ನುಸುಳುತ್ತದೆ.

20 ಮಿ.ಲೀ. ಹೆಕ್ಸೇನ್, 20 ನಿಮಿಷ ಸೋನಿಕೇಶನ್, ಸಿರಿಂಜಿನಿಂದ ಕಾಲು ಗಂಟೆಯಲ್ಲಿ 160 ಮೈಕ್ರೋಲೀಟರ್, ಮೂರು ಗಂಟೆ ಕಲಕು. ಹೆಕ್ಸೇನ್ ಬಸಿದು, 60 ಡಿಗ್ರಿಯಲ್ಲಿ ನಿರ್ವಾತದಲ್ಲಿ ಒಣಗಿಸಿ, ಲವಣ ಲೋಹವಾಗಲು ಶೇ. 5 ಹೈಡ್ರೋಜನ್ ಬೆರೆತ ಆರ್ಗಾನ್‌ನಲ್ಲಿ ನಿಮಿಷಕ್ಕೆ 2 ಡಿಗ್ರಿಯಂತೆ ಏರಿಸಿ 200 ಡಿಗ್ರಿಯಲ್ಲಿ ಎರಡು ಗಂಟೆ. ಕಾಗದದ ಮೇಲೆ ಎಲ್ಲವೂ ಸರಿ.

ಪರೀಕ್ಷೆಗೆ ಎಲ್ಲರೂ ಹಿಡಿಯುವ ದಾರಿಯನ್ನೇ ಹಿಡಿದರು: 4-ನೈಟ್ರೋಫಿನಾಲ್ ಮತ್ತು ಸೋಡಿಯಂ ಬೋರೋಹೈಡ್ರೈಡ್. 0.1 ಮಿಲಿಮೋಲಾರ್ ದ್ರಾವಣ 3 ಮಿ.ಲೀ. ಕ್ಯುವೆಟ್‌ನಲ್ಲಿ, ಬೋರೋಹೈಡ್ರೈಡ್ ಹಾಕಿದೊಡನೆ ತಿಳಿ ಬಣ್ಣ ಗಾಢ ಹಳದಿಯಾಗಿ 400 ನ್ಯಾನೋಮೀಟರಿನಲ್ಲಿ ಬೆಳಕಿನ ಹೀರಿಕೆಯ ಸುಮಾರು 1.8 ಎತ್ತರದ ಶಿಖರ. ವೇಗವರ್ಧಕ ಬಿದ್ದ ಮೇಲೆ ಆ ಶಿಖರ ಇಳಿಯಬೇಕು, 300ರಲ್ಲಿ ಅಮೈನೋಫಿನಾಲಿನ ಶಿಖರ ಏಳಬೇಕು. ಎರಡು ಮೂರು ನಿಮಿಷಕ್ಕೆ ಹಳದಿ ಮಾಯ. ಫೋನಿನಲ್ಲಿ ವಿಡಿಯೋ ಬೇರೆ ತೆಗೆದಾಯಿತು.

ಅನುಮಾನ ಇಲ್ಲಿಂದಲೇ ಶುರುವಾಗಬೇಕಿತ್ತು. ನೈಟ್ರೋಫಿನಾಲಿನ ಬೆಂಜೀನ್ ಉಂಗುರವೇ ಕಿಟಕಿಯಷ್ಟು ಅಗಲ. ಅದು ನೀರಿನಲ್ಲಿ ಋಣಾವೇಶ ಹೊತ್ತು, ತುಂಬಿದ ರಂಧ್ರಗಳಲ್ಲಿ ಒತ್ತಿಕೊಂಡು ಒಳಹೋಗಿ, ಬದಲಾಗಿ, ಮತ್ತೆ ಹೊರಬರಬೇಕು. ನಿಜವಾಗಿ ಗೂಡಿನೊಳಗೆ ಇರುವ ಲೋಹ ಇಷ್ಟು ಬೇಗ ಕೆಲಸ ಮಾಡಲಾರದು. ಈ ಪರೀಕ್ಷೆಯಲ್ಲಿ ವಿಪರೀತ ವೇಗ ಕಂಡರೆ ಲೋಹ ಬಾಗಿಲ ಹೊರಗೇ ಕೂತಿದೆಯೇನೋ ಎಂದು ನೋಡಬೇಕು. ಪ್ರಬಂಧಗಳಲ್ಲಿ ಅದನ್ನೇ ತಿರುಗಿಸಿ ‘ಬಂಧನದಿಂದ ವೇಗ ಹೆಚ್ಚಿದೆ’ ಎಂದು ಬರೆಯುವ ರೂಢಿ ಬಂದುಬಿಟ್ಟಿದೆ.

ಎರಡನೆಯ ಬಳಕೆಯಲ್ಲಿ ಹೊತ್ತು ಹೆಚ್ಚು ಹಿಡಿಯಿತು, ಮೂರನೆಯದರಲ್ಲಿ ಇನ್ನೂ ಹೆಚ್ಚು. ನಾಲ್ಕಕ್ಕೆ ಬಣ್ಣ ಇಳಿಯಿತು ನಿಜ, ಆದರೆ 300ರ ಶಿಖರ ಏಳಲೇ ಇಲ್ಲ. ನೈಟ್ರೋಫಿನಾಲ್ ಬದಲಾಗಿರಲಿಲ್ಲ; ಪುಡಿಗೆ ಅಂಟಿಕೊಂಡು ಕುಳಿತಿತ್ತು, ಅಷ್ಟೆ. 400ನ್ನು ಮಾತ್ರ ನೋಡುವವರು ಇಲ್ಲಿ ಮೋಸಹೋಗುತ್ತಾರೆ.

ಆಗ ಪುಡಿಯಲ್ಲಿ ಲೋಹ ಎಷ್ಟಿದೆ ಎಂದು ಅಳೆಯುವ ಐಸಿಪಿ ಪರೀಕ್ಷೆಯ ವರದಿ ಬಂತು. ಪಲ್ಲಾಡಿಯಂ ಶೇ. 1.28.

ವಿದ್ಯಾರ್ಥಿಯೊಬ್ಬನ ಪ್ರಶ್ನೆ: “ಸರ, ನಾವು ಹಾಕಿದ್ದು ಒಂದ ಪರ್ಸೆಂಟ್, ಬಂದದ್ದು ಒಂದಕ್ಕಿಂತ ಜಾಸ್ತಿ ಐತ್ರಿ. ಚಲೋ ಆತಲ್ರಿ?”

ಹಾಕಿದ್ದಕ್ಕಿಂತ ಹೆಚ್ಚು ಲೋಹ ಬರಲು ಸಾಧ್ಯವಿಲ್ಲ. ಅಂಶ ಸರಿಯಿದ್ದರೆ ಛೇದ ತಪ್ಪಿದೆ, ಅಂದರೆ 500 ಮಿ.ಗ್ರಾಂ ಎಂದು ತೂಗಿದ ಪುಡಿ 500 ಆಗಿರಲಿಲ್ಲ. ಹಿಂದಿನಿಂದ ಲೆಕ್ಕ ಹಾಕಿದರೆ 5 ಮಿ.ಗ್ರಾಂ ಲೋಹಕ್ಕೆ ಶೇ. 1.28 ಬರಬೇಕಾದರೆ ಒಣಪುಡಿ ಸುಮಾರು 385 ಮಿ.ಗ್ರಾಂ ಇರಬೇಕು. ಉಳಿದ 115 ಮಿ.ಗ್ರಾಂ ಏನು? ನೀರು.

ನಡೆದದ್ದು ಇಷ್ಟು. ಪುಡಿಯನ್ನು 120 ಡಿಗ್ರಿಯಲ್ಲಿ ಚೆನ್ನಾಗಿಯೇ ಒಣಗಿಸಿದ್ದರು. ಓವನ್ನಿನಿಂದ ತೆಗೆದು, ಗುಲಾಬಿ ಸಿಲಿಕಾ ಜೆಲ್ಲಿನ ಡೆಸಿಕೇಟರಿನಲ್ಲಿ ತಣಿಯಲು ಬಿಟ್ಟು, ಕಾಗದದ ಮೇಲೆ ತೂಗಿ, ಹೆಕ್ಸೇನ್ ಬಾಟಲಿ ಹುಡುಕುವ ತನಕ ಬೀಕರನ್ನು ಮೇಜಿನ ಮೇಲೆ ತೆರೆದೇ ಇಟ್ಟಿದ್ದರು. ಅಮೈನೋ ಯುಐಒ-66 ತೇವದ ಗಾಳಿಯಲ್ಲಿ ಗ್ರಾಂಗೆ 0.3 ಗ್ರಾಂ ನೀರನ್ನು ಸಲೀಸಾಗಿ ಹೀರುತ್ತದೆ. ಹೊರನೋಟಕ್ಕೆ ಏನೂ ತಿಳಿಯುವುದಿಲ್ಲ. ತಿಳಿಹಳದಿ ಪುಡಿ ತಿಳಿಹಳದಿಯಾಗಿಯೇ, ಉದುರುದುರಾಗಿಯೇ ಇರುತ್ತದೆ, ಏಕೆಂದರೆ ನೀರೆಲ್ಲ ರಂಧ್ರದೊಳಗೆ ಅಡಗಿದೆ.

ಈಗ ಜಾಗದ ಲೆಕ್ಕ ನೋಡಿ. 385 ಮಿ.ಗ್ರಾಂ ಪುಡಿಯ ರಂಧ್ರಗಾತ್ರ 154 ಮೈಕ್ರೋಲೀಟರ್. ಅದರಲ್ಲಿ ಆಗಲೇ 115 ತುಂಬಿದೆ. ಮೇಲೆ 160 ಸುರಿದರೆ ಒಟ್ಟು 275. ಸುಮಾರು 120 ಮೈಕ್ರೋಲೀಟರ್ ಪಲ್ಲಾಡಿಯಂ ನೀರಿಗೆ ಒಳಗೆ ಜಾಗವೇ ಇಲ್ಲ. ಅದು ಕಣಗಳ ಹೊರಮೈಗೆ, ಕಣಗಳ ನಡುವಿನ ಸಂದಿಗೆ, ಗಾಜಿನ ಗೋಡೆಗೆ ಹೋಯಿತು. 200 ಡಿಗ್ರಿಗೆ ಕಾಯಿಸಿದಾಗ ಅಲ್ಲೇ ಒಟ್ಟುಗೂಡಿ ದಪ್ಪ ಕಣಗಳಾಯಿತು.

ಇದನ್ನು ಐಸಿಪಿಗೂ ಮುನ್ನ ಕಣ್ಣೇ ಹೇಳಿತ್ತು. ಸರಿಯಾಗಿ ತುಂಬಿದ ಪುಡಿ ಹೆಕ್ಸೇನ್‌ನಲ್ಲಿ ಮಂಜಿನಂತೆ ಒಂದೇ ಸಮ ತೇಲುತ್ತದೆ, ಕಲಕು ನಿಂತರೆ ನಿಧಾನ ಇಳಿಯುತ್ತದೆ. ನೀರು ಮಿಕ್ಕಿದ್ದರೆ ಪುಡಿ ಉಂಡೆಗಟ್ಟುತ್ತದೆ. ರೊಟ್ಟಿಗೆಂದು ನಾದಿದ ಜೋಳದ ಹಿಟ್ಟಿಗೆ ನೀರು ಹೆಚ್ಚಾದಾಗ ಕೈಗೆ ಮೆತ್ತುವಂತೆ ಫ್ಲಾಸ್ಕಿನ ಗೋಡೆಗೆ ಮೆತ್ತುತ್ತದೆ. ಆ ದಿನ ದ್ರವದ ಅಂಚಿನಲ್ಲಿ ಗಾಜಿನ ಸುತ್ತ ಬೆರಳಗಲದ ಕಂದು ಬಳೆ ಮೂಡಿತ್ತು. ಅದನ್ನು ಸ್ಪಾಚುಲಾದಿಂದ ಕೆರೆದು ಒಳಗೆ ಹಾಕಿದ್ದರು. ಅಲ್ಲಿಗೇ ನಿಲ್ಲಿಸಿ ಪುಡಿಯನ್ನು ಎಸೆದಿದ್ದರೆ ಮೂರು ವಾರ ಉಳಿಯುತ್ತಿತ್ತು.

ಲೋಹ ಹೊರಗಿದೆ ಎಂದು ಲೆಕ್ಕ ಹೇಳಿತು. ಅದನ್ನು ತೋರಿಸುವುದು ಹೇಗೆ? ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್-ಕಿರಣ ವಿವರ್ತನೆ) ಪಲ್ಲಾಡಿಯಂ ಶಿಖರ ಎರಡು-ಥೀಟಾ 40.1 ಡಿಗ್ರಿಯಲ್ಲಿ ಬರಬೇಕು. ಬರಲಿಲ್ಲ ಎಂದು ಹಿಗ್ಗುವಂತಿಲ್ಲ: ಒಂದು ನ್ಯಾನೋಮೀಟರ್ ಕಣದ ಶಿಖರ ಎಂಟು ಡಿಗ್ರಿಗೂ ಮಿಕ್ಕಿ ಹರಡಿ ಹಿನ್ನೆಲೆಯಲ್ಲಿ ಕರಗುತ್ತದೆ, ಐದು ನ್ಯಾನೋಮೀಟರಿನದೂ 1.7 ಡಿಗ್ರಿ ಹರಡಿಕೊಳ್ಳುತ್ತದೆ; ಶೇ. 1ರ ಮಟ್ಟದಲ್ಲಿ ಎರಡೂ ಕಾಣದಿರಬಹುದು. ಎಕ್ಸ್‌ಆರ್‌ಡಿ ಇಲ್ಲಿ ಹೇಳುವುದು ಒಂದೇ, ಚೌಕಟ್ಟು ಕುಸಿದಿದೆಯೋ ಇಲ್ಲವೋ ಎಂದು. ಟಿಇಎಂ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಚಿತ್ರ ಮೂರು ಆಯಾಮದ ಕಣವನ್ನು ಹಾಳೆಗೆ ಒತ್ತಿದ ನೆರಳು. ಮೇಲೆ ಕೂತದ್ದೂ ಒಳಗಿದ್ದಂತೆ ಕಾಣುತ್ತದೆ. ಮಾದರಿಯನ್ನು ಓರೆಮಾಡಿ ಹಲವು ಕೋನದಲ್ಲಿ ತೆಗೆದರೆ ಮಾತ್ರ ನಂಬಬಹುದು, ಅದೂ ಎಲೆಕ್ಟ್ರಾನ್ ಪ್ರಮಾಣ ಕಡಿಮೆ ಇಟ್ಟು. ಹೆಚ್ಚಾದರೆ ಕಿರಣವೇ ಚೌಕಟ್ಟನ್ನು ಸುಟ್ಟು ಲೋಹವನ್ನು ಸರಿಸಿ ಗುಡ್ಡೆಹಾಕುತ್ತದೆ.

ನೈಟ್ರೋಜನ್ ಹೀರಿಕೆಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. (ದ್ರವ ನೈಟ್ರೋಜನ್ ಬರುವುದು ದನಗಳ ಕೃತಕ ಗರ್ಭಧಾರಣೆಗೆ ಊರೂರಿಗೆ ಹೊತ್ತೊಯ್ಯುವಂಥದೇ ಕ್ಯಾನಿನಲ್ಲಿ, 77 ಕೆಲ್ವಿನ್‌ನಲ್ಲಿ ಅಳತೆ ನಡೆಯುವಷ್ಟು ಹೊತ್ತೂ ಅದು ಆರದಂತೆ ನೋಡಿಕೊಳ್ಳುವುದೇ ಒಂದು ಕೆಲಸ.) ರಂಧ್ರಗಾತ್ರ 0.40ರಿಂದ 0.30ಕ್ಕೆ ಇಳಿಯಿತು, ‘ಲೋಹ ರಂಧ್ರಗಳಲ್ಲಿ ತುಂಬಿದ್ದಕ್ಕೆ ಇದೇ ಸಾಕ್ಷಿ’ ಎಂದು ಮೊದಲ ಕರಡಿನಲ್ಲಿ ಬರೆದಿದ್ದರು. ಗುಣಾಕಾರ ಮಾಡಿ ನೋಡಿ. ಒಂದು ಗ್ರಾಂ ಪುಡಿಯಲ್ಲಿ 10 ಮಿ.ಗ್ರಾಂ ಪಲ್ಲಾಡಿಯಂ, ಸಾಂದ್ರತೆ 12, ಹಿಡಿಯುವ ಜಾಗ 0.0008 ಮಿ.ಲೀ. ಲವಣದಿಂದ ಉಳಿದ 11 ಮಿ.ಗ್ರಾಂ ಸೋಡಿಯಂ ಕ್ಲೋರೈಡ್ ಸೇರಿಸಿದರೂ ಒಟ್ಟು 0.006. ಇಳಿದದ್ದು 0.10, ಅಂದರೆ ಹದಿನಾರು ಪಟ್ಟಿಗೂ ಹೆಚ್ಚು. ಇಷ್ಟು ಇಳಿಕೆ ಲೋಹದಿಂದ ಬರುವುದಿಲ್ಲ. ಚೌಕಟ್ಟಿನ ಒಂದು ಭಾಗ ಕುಸಿದಿರಬೇಕು, ಡಿಎಂಎಫ್ ಪೂರ್ತಿ ಹೋಗಿರಲಿಕ್ಕಿಲ್ಲ, ಇಲ್ಲವೇ ಬೋರೋಹೈಡ್ರೈಡಿನಿಂದಾದ ಬೋರೇಟ್ ಕೂತಿರಬೇಕು. ಬಳಸಿದ ಮಾದರಿಯಲ್ಲಿ ಬೋರೇಟ್ ಮತ್ತು ಕುಸಿತ ಎರಡಕ್ಕೂ ಅವಕಾಶವಿತ್ತು: ಬೋರೋಹೈಡ್ರೈಡ್ ನೀರನ್ನು ಕ್ಷಾರೀಯ ಮಾಡುತ್ತದೆ, ಕ್ಷಾರದಲ್ಲಿ ಜಿರ್ಕೋನಿಯಂ–ಕಾರ್ಬಾಕ್ಸಿಲೇಟ್ ಹಿಡಿತ ಸಡಿಲವಾಗುತ್ತದೆ. ಪರೀಕ್ಷೆಯೇ ಪರೀಕ್ಷಿಸುವ ವಸ್ತುವನ್ನು ತಿನ್ನುತ್ತಿತ್ತು.

ಗಟ್ಟಿ ಉತ್ತರ ಕೊಟ್ಟದ್ದು ಅಗ್ಗದ ಒಂದು ವಿಷಪ್ರಯೋಗ. ಟ್ರೈಫಿನೈಲ್‌ಫಾಸ್ಫೀನ್ ಪಲ್ಲಾಡಿಯಂಗೆ ಬಿಗಿಯಾಗಿ ಅಂಟಿ ಅದರ ಕೆಲಸ ನಿಲ್ಲಿಸುತ್ತದೆ, ಆದರೆ ಒಂದು ನ್ಯಾನೋಮೀಟರಿನಷ್ಟು ಅಗಲವಾದ್ದರಿಂದ ಕಿಟಕಿಯಲ್ಲಿ ತೂರಲಾರದು. ಹೊರಗಿನ ಲೋಹ ಮಾತ್ರ ಸಾಯುತ್ತದೆ. ಪ್ರತಿಕ್ರಿಯೆಗೆ ಸ್ಟೈರೀನ್‌ನ ಹೈಡ್ರೋಜನೀಕರಣ: 1 ಮಿಲಿಮೋಲ್ ಸ್ಟೈರೀನ್, 5 ಮಿ.ಲೀ. ಈಥೈಲ್ ಅಸಿಟೇಟ್, ಹೈಡ್ರೋಜನ್ ಬಲೂನು, ಕೋಣೆಯ ಉಷ್ಣತೆ, ಹತ್ತು ನಿಮಿಷಕ್ಕೊಮ್ಮೆ ಜಿಸಿಗೆ (ಗ್ಯಾಸ್ ಕ್ರೊಮ್ಯಾಟೋಗ್ರಾಫ್) ಒಂದು ಹನಿ. ಲೋಹದ ಲೆಕ್ಕ ಎಲ್ಲದರಲ್ಲೂ ಒಂದೇ ಇರಬೇಕು, 0.2 ಮಿ.ಗ್ರಾಂ ಪಲ್ಲಾಡಿಯಂ. ಶೇ. 1.28ರ ಪುಡಿಯಾದರೆ 15.6 ಮಿ.ಗ್ರಾಂ, ಶೇ. 1ರದಾದರೆ 20, ಹೋಲಿಕೆಗೆ, ಕಿಟಕಿಯ ತಡೆಯೇ ಇಲ್ಲದ ಶೇ. 5ರ ಪಲ್ಲಾಡಿಯಂ-ಇದ್ದಿಲು 4 ಮಿ.ಗ್ರಾಂ. ಫಾಸ್ಫೀನ್ 5 ಮಿಲಿಮೋಲಾರ್ ದ್ರಾವಣದಲ್ಲಿ 0.38 ಮಿ.ಲೀ., ಅಂದರೆ ಲೋಹಕ್ಕೆ ಸರಿಸಮ. ಅದರೊಂದಿಗೆ ಅರ್ಧ ಗಂಟೆ ಕಲಕಿ ಆಮೇಲೆ ಸ್ಟೈರೀನ್. ಫಾಸ್ಫೀನ್ ಹಳೆಯದಾಗಿ ಆಕ್ಸೈಡ್ ಆಗಿದ್ದರೆ ವಿಷವೇ ಇಲ್ಲದಂತಾಗಿ ‘ಲೋಹ ಒಳಗಿದೆ’ ಎಂಬ ಸುಳ್ಳು ಉತ್ತರ ಬರುತ್ತದೆ. ಇದ್ದಿಲಿನ ಹೋಲಿಕೆ ಪೂರ್ತಿ ನಿಂತರೆ ಮಾತ್ರ ಫಾಸ್ಫೀನ್ ಸರಿಯಿದೆ ಎಂದರ್ಥ.

ಆಗಸ್ಟಿನ ಬ್ಯಾಚು ಇದ್ದಿಲಿನಂತೆಯೇ ನಿಂತುಹೋಯಿತು.

ದಪ್ಪ ಆಲ್ಕೀನ್ ಕೊಟ್ಟು ನೋಡುವ ಇನ್ನೊಂದು ದಾರಿಯೂ ಇದೆ, ಟೆಟ್ರಾಫಿನೈಲ್ ಎಥಿಲೀನ್ ಅದಕ್ಕೆ ಜನಪ್ರಿಯ. ಆದರೆ ಅದರ ಜೋಡಿಬಂಧಕ್ಕೆ ನಾಲ್ಕು ಕಡೆಯೂ ಫಿನೈಲ್ ಮುಸುಕು. ಬಯಲಿನಲ್ಲಿರುವ ಪಲ್ಲಾಡಿಯಂ ಮೇಲೂ ಅದು ನಿಧಾನವೇ. ಇದ್ದಿಲಿನ ಹೋಲಿಕೆಯಿಲ್ಲದೆ ‘ದಪ್ಪ ಅಣು ಬದಲಾಗಲಿಲ್ಲ, ಆದ್ದರಿಂದ ಲೋಹ ಒಳಗಿದೆ’ ಎಂದರೆ ಒಪ್ಪಲಾಗದು.

ಮರುತಯಾರಿಯಲ್ಲಿ ಬದಲಾದದ್ದು ಮುಖ್ಯವಾಗಿ ತೂಕದ ಕ್ರಮ. ಖಾಲಿ ಶ್ಲೆಂಕ್ ಫ್ಲಾಸ್ಕನ್ನು (ಒಳಗೆ ಗಾಳಿ ತಾಗದಂತೆ ಕೀಲಿಯಿರುವ ಫ್ಲಾಸ್ಕು) ಮುಚ್ಚಳ ಸಮೇತ ತೂಗಿ, ಅದರಲ್ಲೇ ಪುಡಿ ಹಾಕಿ 120 ಡಿಗ್ರಿಯಲ್ಲಿ ನಿರ್ವಾತ ಕೊಟ್ಟು, ಆರ್ಗಾನ್ ತುಂಬಿ, ಕೀಲಿ ತಿರುಗಿಸಿ, ತಣಿದ ಮೇಲೆ ಮುಚ್ಚಿದ್ದಂತೆಯೇ ತೂಗುವುದು. ಖಾಲಿ ತೂಕವನ್ನೂ ಆರ್ಗಾನ್ ತುಂಬಿಯೇ ತೆಗೆದಿರಬೇಕು, ಯಾಕೆಂದರೆ 100 ಮಿ.ಲೀ. ಫ್ಲಾಸ್ಕಿನಲ್ಲಿ ಗಾಳಿಗೂ ಆರ್ಗಾನ್‌ಗೂ ಹತ್ತಿರಹತ್ತಿರ 50 ಮಿ.ಗ್ರಾಂ ವ್ಯತ್ಯಾಸ ಬೀಳುತ್ತದೆ. ಬಂದ ತೂಕಕ್ಕೆ ತಕ್ಕಂತೆ ದ್ರಾವಣದ ಪ್ರಮಾಣ ನಿರ್ಧಾರವಾಗಬೇಕು. 500ಕ್ಕೇ ಹೊಂದಿಸುವ ಹಟ ಬೇಡ. 3 ಆಂಗ್‌ಸ್ಟ್ರಾಮ್ ಮಾಲಿಕ್ಯುಲರ್ ಸೀವ್ ಮೇಲೆ ಎರಡು ದಿನ ಇಟ್ಟ ಹೆಕ್ಸೇನ್ ರಬ್ಬರ್ ಸೆಪ್ಟಮ್ ಮೂಲಕ ಒಳಗೆ. ಶ್ಲೆಂಕ್ ಇಲ್ಲದವರಿಗೆ ಬಿಗಿಮುಚ್ಚಳದ ತೂಕದ ಬಾಟಲಿ ಸಾಕು, ಓವನ್ನಿನೊಳಗೇ ಮುಚ್ಚಳ ಹಾಕಬೇಕು, ಡೆಸಿಕೇಟರಿನ ಜೆಲ್ ನೀಲಿ ಇರಬೇಕು. ಟಿಜಿಎ (ಕಾಯಿಸುತ್ತಲೇ ತೂಕ ಅಳೆಯುವ ಯಂತ್ರ) ಇಲ್ಲದ ಕಡೆ ಪುಡಿಯ ತೇವ ತಿಳಿಯಲು 100 ಮಿ.ಗ್ರಾಂ ತೂಗಿ, 120 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟು, ಮುಚ್ಚಿ ತಣಿಸಿ ಮತ್ತೆ ತೂಗಿ, 2 ಮಿ.ಗ್ರಾಂಗಿಂತ ಹೆಚ್ಚು ಇಳಿದರೆ ಆ ಪುಡಿ ಈ ಕೆಲಸಕ್ಕೆ ಸಲ್ಲದು.

ಕರೆಂಟಿನದೂ ಒಂದು ಪಾತ್ರವಿದೆ. ನಿರ್ವಾತ ಪಂಪು ಓಡುತ್ತಿರುವಾಗ ಕರೆಂಟ್ ಹೋದರೆ ಹೊರಗಿನ ಒದ್ದೆ ಗಾಳಿ, ಕೆಲವೊಮ್ಮೆ ಪಂಪಿನ ಎಣ್ಣೆಯೂ, ಹಿಂದಕ್ಕೆ ನುಗ್ಗಿ ಫ್ಲಾಸ್ಕು ಸೇರುತ್ತದೆ. ಯುಪಿಎಸ್ ಗಣಕಕ್ಕೆ ಇರುತ್ತದೆ, ಪಂಪಿಗೆ ಇರುವುದಿಲ್ಲ. ರಾತ್ರಿ ಬಿಟ್ಟುಹೋಗುವ ಬದಲು ಹಗಲಲ್ಲೇ ಎಂಟು ಗಂಟೆ ಕೊಡುವುದು, ನಡುವೆ ಒಂದು ಟ್ರ್ಯಾಪ್ ಇಡುವುದು, ಕರೆಂಟ್ ಹೋದೊಡನೆ ಮೊದಲು ಫ್ಲಾಸ್ಕಿನ ಕೀಲಿ ಮುಚ್ಚುವುದು.

ಹೈಡ್ರೋಜನ್ ಹಂತದಲ್ಲಿ ಅವಸರ ಅಪಾಯ. ಮೊದಲು ಅರ್ಧ ಗಂಟೆ ಬರೀ ಆರ್ಗಾನ್. ಕಾಯಿಸಿದ ಮೇಲೆ ಕೋಣೆಯ ಉಷ್ಣತೆಗೆ ಇಳಿಯುವವರೆಗೆ ಮತ್ತೆ ಆರ್ಗಾನ್. ಹೈಡ್ರೋಜನ್ ಹೀರಿದ ಪಲ್ಲಾಡಿಯಂ ಪುಡಿಯನ್ನು ಬಿಸಿಯಿರುವಾಗಲೇ ಗಾಳಿಗೆ ತೆಗೆದು ಮೇಲೆ ಮೆಥನಾಲ್ ಸುರಿದರೆ ಬೆಂಕಿ ಹತ್ತುತ್ತದೆ. ಆಮೇಲೆ ನೀರು-ಎಥನಾಲ್ ಮಿಶ್ರಣದಲ್ಲಿ ತೊಳೆದು ಉಪ್ಪು ತೆಗೆಯುವುದು. ಕಾಯಿಸುವ ಬದಲು ನೀರಿನಲ್ಲಿ ಕರಗಿಸಿದ ಬೋರೋಹೈಡ್ರೈಡಿನಿಂದ ಅಪಕರ್ಷಿಸಿದರೆ ಬೇಗ ಮುಗಿಯುತ್ತದೆ ಎನ್ನುವವರಿಗೆ: ಬೋರೋಹೈಡ್ರೈಡ್ ಒಳಗೆ ತಲುಪುವ ಮೊದಲೇ ಆ ನೀರು ಒಳಗಿನ ಪಲ್ಲಾಡಿಯಂ ಲವಣವನ್ನು ಕರಗಿಸಿ ಹೊರಗೆಳೆಯಬಹುದು.

ಒಂದು ಲೆಕ್ಕ ಸದಾ ಕಣ್ಣ ಮುಂದಿರಲಿ. 500 ಮಿ.ಗ್ರಾಂ ಪುಡಿಯಲ್ಲಿ ದೊಡ್ಡ ಗೂಡುಗಳು 0.285 ಮಿಲಿಮೋಲ್, ಪಲ್ಲಾಡಿಯಂ 0.047. ಆರು ಗೂಡಿಗೆ ಒಂದು ಪರಮಾಣು. ಮೂವತ್ತು ಪರಮಾಣುಗಳ ಗುಚ್ಛವಾಗಬೇಕಾದರೆ ಸುಮಾರು 180 ಗೂಡುಗಳಿಂದ ಪರಮಾಣುಗಳು ಕಿಟಕಿ ದಾಟಿ ಒಂದೆಡೆ ಸೇರಬೇಕು. ಗುಚ್ಛ ಕಟ್ಟುವುದೂ ಓಡಾಟದಿಂದಲೇ, ಹೊರಗೆ ಸೋರುವುದೂ ಅದೇ ಓಡಾಟದಿಂದ. ಉಷ್ಣತೆಯನ್ನು 200ಕ್ಕಿಂತ ಮೇಲೆ ಏರಿಸಬೇಡಿ, ನಿಮಿಷಕ್ಕೆ 10 ಡಿಗ್ರಿಯಂತೆ ಓಡಿಸಬೇಡಿ ಎನ್ನುವುದು ಇದಕ್ಕೇ. 300 ದಾಟುವ ಪ್ರತಿಕ್ರಿಯೆ ಬೇಕಿದ್ದರೆ ಈ ವಸ್ತುವನ್ನೇ ಬಿಟ್ಟು, ಬಿಸಿ ತಡೆಯುವ ರಂಧ್ರಮಯ ಖನಿಜವಾದ ಜಿಯೋಲೈಟಿಗೆ ಹೋಗಬೇಕು. ಅಲ್ಲಿ ಸಿಲಿಕಲೈಟ್-1 ಎಂಬ ಜಿಯೋಲೈಟ್ ಬೆಳೆಯುವಾಗಲೇ ಎಥಿಲೀನ್‌ಡಯಮೈನ್ ಹೊದಿಸಿದ ಪಲ್ಲಾಡಿಯಂ ಅನ್ನು ಜೆಲ್‌ಗೆ ಸೇರಿಸಿ, ಟೆಫ್ಲಾನ್ ಒಳಪದರದ ಆಟೋಕ್ಲೇವ್‌ನಲ್ಲಿ 170 ಡಿಗ್ರಿಯಲ್ಲಿ ಮೂರ್ನಾಲ್ಕು ದಿನ ಇಡುತ್ತಾರೆ; ಡಯಮೈನ್ ಇಲ್ಲದಿದ್ದರೆ ಜೆಲ್ಲಿನ ಕ್ಷಾರಕ್ಕೆ ಪಲ್ಲಾಡಿಯಂ ಮೊದಲೇ ಕೆಳಗೆ ಕೂರುತ್ತದೆ.

ಮರುಬ್ಯಾಚಿನ ಐಸಿಪಿ ಗುರಿಯ ಹತ್ತಿರಕ್ಕೆ, ಶೇ. 1ರ ಆಸುಪಾಸಿಗೆ ಬಂತು. ಗಾಜಿನ ಮೇಲೆ ಕಂದು ಬಳೆ ಇಲ್ಲ. ನೈಟ್ರೋಫಿನಾಲ್ ಪರೀಕ್ಷೆಯಲ್ಲಿ ಮಾತ್ರ ಹಳೆಯದಕ್ಕಿಂತ ಎಷ್ಟೋ ನಿಧಾನ, ವಿಡಿಯೋ ತೆಗೆಯುವಂಥದ್ದೇನೂ ಆಗಲಿಲ್ಲ. ಫಾಸ್ಫೀನ್ ಹಾಕಿದ ಮೇಲೆ ವೇಗ ಸ್ವಲ್ಪ ಇಳಿಯಿತು, ನಿಲ್ಲಲಿಲ್ಲ. ಇಳಿದಷ್ಟು ಪಾಲು ಹೊರಗಿನ ಲೋಹದ್ದು, ಇಲ್ಲವೇ ಕೊಂಡಿ ತಪ್ಪಿ ಅಗಲವಾದ ಕಿಟಕಿಗಳ ಬಳಿ ಇರುವುದು. ಬೋರೋಹೈಡ್ರೈಡ್ ಪರೀಕ್ಷೆಯನ್ನು ಕೈಬಿಟ್ಟು ಸ್ಟೈರೀನನ್ನೇ ಇಟ್ಟುಕೊಂಡರು. ಆಗಸ್ಟಿನ ಬ್ಯಾಚಿನಲ್ಲಿ ಉಳಿದ ಪುಡಿಯನ್ನು ಎಸೆಯಲಿಲ್ಲ. ಸೀಸೆಯ ಮೇಲೆ ‘ಹೊರಗೆ’ ಎಂದು ಚೀಟಿ ಅಂಟಿಸಿ, ಪ್ರತಿ ಹೊಸ ಬ್ಯಾಚಿನ ಫಾಸ್ಫೀನ್ ಪರೀಕ್ಷೆಗೂ ಇದ್ದಿಲಿನ ಪಕ್ಕದಲ್ಲಿ ಎರಡನೆಯ ಹೋಲಿಕೆಯಾಗಿ ಅದನ್ನೇ ಬಳಸುತ್ತಾರೆ.